ಮಳೆ ಬಂದರೆ ಟ್ರಿಪ್: ಗುಜರಿ ದೀಪಗಳನ್ನು ಅಂಗಳಕ್ಕೆ ಹಾಕಿದವರಿಗೆ ದೋಷ ನಿವಾರಣೆ ಕೈಪಿಡಿ

ಹಳೆ ಮನೆ ಕೆಡವಿದಾಗ ಸಿಕ್ಕ ಹಿತ್ತಾಳೆ ತೂಗುದೀಪ, ಗುಜರಿ ಅಂಗಡಿಯಿಂದ ಕೆ.ಜಿ. ಲೆಕ್ಕದಲ್ಲಿ ತಂದ ಎನಾಮೆಲ್ ಶೇಡು, ಗೋಡೆಗೆ ಅಂಟಿ ಕೂರುವ, ಜಾಲರಿ ಹಾಕಿದ ಬಲ್ಕ್‌ಹೆಡ್, ಅಟ್ಟದಲ್ಲಿ ಬಿದ್ದಿದ್ದ ಹಾಲುಗಾಜಿನ ಗುಂಡು. ಇವನ್ನು ಅಂಗಳದ ಮೂಲೆಗೆ, ಬಾವಿಕಟ್ಟೆಗೆ, ತೋಟಕ್ಕಿಳಿಯುವ ದಾರಿಗೆ ಹಾಕಿದರೆ ಹೊಸ ಗಾರ್ಡನ್ ಲೈಟಿಗಿಂತ ಚೆಂದ ಕಾಣುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಡಿಸೆಂಬರಿನಲ್ಲಿ ಹಾಕಿದರೆ ಮೇ ತನಕ ತಕರಾರೂ ಇರುವುದಿಲ್ಲ. ಮೃಗಶಿರ ಮಳೆ ಹಿಡಿದ ಮೇಲೆ ಒಂದೊಂದೇ ಶುರು: ಟ್ರಿಪ್ ಆಗುತ್ತದೆ (ಬೋರ್ಡಿನ ಸ್ವಿಚ್ ತಾನೇ ಬಿದ್ದು ಕರೆಂಟ್ ಹೋಗುತ್ತದೆ), ಗಾಜಿನೊಳಗೆ ನೀರು ನಿಲ್ಲುತ್ತದೆ, ಕಂಬ ಮುಟ್ಟಿದರೆ ಜುಮ್ ಎನ್ನುತ್ತದೆ, ಎರಡು ತಿಂಗಳಿಗೊಂದು ಬಲ್ಬು ಹೋಗುತ್ತದೆ.

ಹೀಗಾಗುವುದಕ್ಕೆ ಬಹುಪಾಲು ಒಂದೇ ಕಾರಣ. ಈ ದೀಪಗಳು ಮಾಡಿನ ಕೆಳಗೆ ಇರಲೆಂದು ಮಾಡಿದವು. ಅವಕ್ಕೆ ಎಷ್ಟು ಸಿಲಿಕೋನ್ ಬಳಿದರೂ ನೀರು ಒಳಗೆ ಹೋಗಿಯೇ ಹೋಗುತ್ತದೆ. ಬಳಿದ ಮೇಲೆ ಹೊರಗೆ ಬರುವ ದಾರಿಯೂ ಮುಚ್ಚಿಹೋಗುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆ ಸುತ್ತಲಂತೂ ‘ವಾಟರ್‌ಪ್ರೂಫ್ ಮಾಡಿದ್ದೇವೆ’ ಎಂಬ ಮಾತಿಗೆ ಒಂದು ಮಳೆಗಾಲದ ಆಯುಷ್ಯ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗದಷ್ಟೂ ಮಳೆಯಿಲ್ಲ, ಅಲ್ಲಿ ಅದೇ ದೀಪ ನಾಲ್ಕು ವರ್ಷ ಬಾಳಬಹುದು. ಆದ್ದರಿಂದ ಮುಂದಿನ ಪ್ರತಿಯೊಂದು ದೋಷದಲ್ಲೂ ನೀರು ಎಲ್ಲಿಂದ ಬಂತು ಎಂದು ಕೇಳಿದ ಮೇಲೆ, ಎಲ್ಲಿಂದ ಹೋಗಬೇಕಿತ್ತು ಎಂದೂ ಕೇಳಿ.

ಕೈ ಹಾಕುವ ಮೊದಲು

ದೀಪಕ್ಕೆ ಬರುತ್ತಿರುವುದು 230 ವೋಲ್ಟೋ 12 ವೋಲ್ಟೋ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಸೋಲಾರ್‌ಗೆಂದು ಮಾರುವ 12 ವೋಲ್ಟ್ ಎಲ್‌ಇಡಿ ಬಲ್ಬುಗಳಿಗೂ ಮನೆಯ ಬಲ್ಬಿನದೇ ಎರಡು ಪಿನ್ನಿನ ತಲೆ ಇರುತ್ತದೆ. ಅದನ್ನು 230ರ ಹೋಲ್ಡರಿಗೆ ಹಾಕಿದರೆ ಪಟ್ ಎಂದು ಹಾರುತ್ತದೆ. ಎರಡೂ ಬಗೆಯ ಲೈನ್ ಇರುವ ಮನೆಯಲ್ಲಿ 12 ವೋಲ್ಟಿನ ಹೋಲ್ಡರಿಗೆ ಹಳದಿ ಪೇಂಟಿನ ಒಂದು ಚುಕ್ಕೆ ಇಡುವುದು ಒಳ್ಳೆಯದು.

ಬೇಕಾಗುವ ಸಾಮಾನು: ಡಿಜಿಟಲ್ ಮಲ್ಟಿಮೀಟರ್, ಎರಡು ವೈರು ಕಟ್ಟಿದ ಹೋಲ್ಡರಿನಲ್ಲಿ 60 ವ್ಯಾಟಿನ ಹಳೆ ತಂತಿ ಬಲ್ಬು (ಇದಕ್ಕೆ ಟೆಸ್ಟ್ ಲ್ಯಾಂಪ್ ಎನ್ನೋಣ), ಒಣ ಟಿಶ್ಯೂ ಪೇಪರ್, ಸ್ವಲ್ಪ ರಂಗೋಲಿ ಪುಡಿ. ಸಿಕ್ಕರೆ ಊರಿನ ವೈರ್‌ಮನ್ ಹತ್ತಿರದ 500 ವೋಲ್ಟಿನ ಮೆಗ್ಗರ್ (ವೈರಿನ ಸೋರಿಕೆ ಅಳೆಯುವ ಮೀಟರ್). ನಿಯಾನ್ ಟೆಸ್ಟರನ್ನು ನಂಬಿ ಕೆಲಸ ಮಾಡಬೇಡಿ. ಒದ್ದೆ ಗೋಡೆ ಹಿಡಿದು ನಿಂತಾಗ ಅದು ಹೇಳುವ ಸುಳ್ಳುಗಳಿಗೆ ಲೆಕ್ಕವಿಲ್ಲ. ಮೇನ್ ಇಳಿಸಿ, ಮೀಟರಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರೂ ಸೊನ್ನೆ ಇದೆಯೇ ನೋಡಿ, ಆಮೇಲೆ ಕೈ ಹಾಕಿ. 230 ವೋಲ್ಟಿನ ಲೈನಿನಲ್ಲಿ ಅನುಭವ ಇಲ್ಲದವರು ಹುಡುಕುವ ಕೆಲಸ ಮಾಡಿ, ಬಿಚ್ಚಿ ಜೋಡಿಸುವುದನ್ನು ಲೈಸೆನ್ಸ್ ಇರುವವರಿಗೆ ಬಿಡಿ.

ಬೀದಿದೀಪದ ಹಳೆ ಡಬ್ಬ ತಂದಿದ್ದರೆ ಇನ್ನೊಂದು ಎಚ್ಚರ. ಅದರೊಳಗೆ ಚೋಕ್, ಇಗ್ನೈಟರ್, ಕೆಪಾಸಿಟರ್ ಹಾಗೇ ಇರುತ್ತವೆ. ಸೋಡಿಯಂ ದೀಪದ ಇಗ್ನೈಟರ್ ಸಾವಿರಾರು ವೋಲ್ಟಿನ ಹೊಡೆತ ಕೊಟ್ಟು ದೀಪ ಹೊತ್ತಿಸುವಂಥದ್ದು. ಅದೇ ಲೈನಿಗೆ ಎಲ್‌ಇಡಿ ಬಲ್ಬು ಹಾಕಿದರೆ ಸ್ವಿಚ್ ಒತ್ತಿದ ಗಳಿಗೆಗೇ ಮುಗಿಯಿತು. ‘ಹೊಸ ಬಲ್ಬು ಹಾಕಿದ ತಕ್ಷಣ ಹೋಯಿತು’ ಎಂಬ ದೂರಿಗೆ ಉತ್ತರ ಹೆಚ್ಚಾಗಿ ಇಲ್ಲೇ ಇರುತ್ತದೆ. ಮೂರನ್ನೂ ತೆಗೆದು ಹಾಕಿ. ಕೆಪಾಸಿಟರನ್ನು ಮುಟ್ಟುವ ಮೊದಲು ಟೆಸ್ಟ್ ಲ್ಯಾಂಪಿನ ಎರಡು ವೈರನ್ನು ಅದರ ಎರಡು ಕಾಲಿಗೆ ತಾಗಿಸಿ ಚಾರ್ಜ್ ಇಳಿಸಬೇಕು. ಎಣ್ಣೆ ಜಿನುಗುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ.

ಮಳೆ ಬಂದರೆ ಟ್ರಿಪ್

ಮನೆಯ ಬೋರ್ಡಿನಲ್ಲಿರುವ 30 ಮಿಲಿಆಂಪಿನ ಆರ್‌ಸಿಸಿಬಿ, ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಇದೆಯೇ ಎಂದಷ್ಟೇ ನೋಡುತ್ತದೆ. ವ್ಯತ್ಯಾಸ 15ರಿಂದ 30 ಮಿಲಿಆಂಪಿನ ನಡುವೆ ಎಲ್ಲೋ ಬಂದಾಗ ಬೀಳುತ್ತದೆ. ಓಮ್ ಲೆಕ್ಕದಲ್ಲಿ ಹೇಳುವುದಾದರೆ 230 ವೋಲ್ಟಿನ ಲೈನಿನಿಂದ ಅರ್ಥಿಗೆ ಸುಮಾರು 8ರಿಂದ 15 ಕಿಲೋಓಮಿನ ದಾರಿ ಸಿಕ್ಕರೆ ಸಾಕು. ಒದ್ದೆ ಧೂಳು ಕೂತ ಒಂದು ಬೇಕಲೈಟ್ ಹೋಲ್ಡರ್ ಇಷ್ಟು ದಾರಿ ಕೊಡಬಲ್ಲದು.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಆರು ದೀಪ ಇದ್ದು ಒಂದೊಂದೂ 4 ಮಿಲಿಆಂಪ್ ಸೋರುತ್ತಿದ್ದರೆ ಒಟ್ಟು 24 ಆಯಿತು, ಟ್ರಿಪ್ ಆಗಬಹುದು. ಆಗ ಯಾವುದೇ ಒಂದು ದೀಪ ಬಿಚ್ಚಿದರೂ ಟ್ರಿಪ್ ನಿಲ್ಲಬಹುದು. ‘ಈ ದೀಪದ್ದೇ ತಪ್ಪು’ ಎಂದು ಅದನ್ನು ಎಸೆಯುತ್ತಾರೆ, ಇನ್ನೊಂದು ಜೋರು ಮಳೆಗೆ ಮತ್ತೆ ಬೀಳುತ್ತದೆ. ಒಂದು ದೀಪ ಬಿಚ್ಚಿ ಸರಿಯಾಯಿತು ಎಂದರೆ ಅದನ್ನು ಮತ್ತೆ ಜೋಡಿಸಿ, ಬೇರೊಂದನ್ನು ಬಿಚ್ಚಿ ನೋಡಿ. ಆಗಲೂ ನಿಂತರೆ ತಪ್ಪು ಎಲ್ಲದರದ್ದು.

ಹುಡುಕುವ ಕ್ರಮ ಹೀಗೆ:

1. ಮಳೆ ಬಿಟ್ಟ ತಕ್ಷಣ ಶುರು ಮಾಡಿ. ಬಿಸಿಲು ಬಿದ್ದು ಒಣಗಿದ ಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ.

2. ತೋಟದ ಲೈನಿನ ಎಂಸಿಬಿ (ಲೋಡ್ ಮಿತಿ ಮೀರಿದರೆ ಬೀಳುವ ಸ್ವಿಚ್) ಇಳಿಸಿ ಆರ್‌ಸಿಸಿಬಿ ಏರಿಸಿ. ಅದು ಬೀಳದೆ ನಿಂತರೆ ಸೋರಿಕೆ ಬಹುಶಃ ಫೇಸ್ ಕಡೆ. ನಿಲ್ಲದಿದ್ದರೆ, ಅಥವಾ ಸ್ವಲ್ಪ ಹೊತ್ತು ನಿಂತು ಮನೆಯೊಳಗೆ ಮಿಕ್ಸಿಯೋ ಪಂಪೋ ಹಾಕಿದಾಗ ಬಿದ್ದರೆ, ನ್ಯೂಟ್ರಲ್ ಅರ್ಥಿಗೆ ತಾಗಿದೆ ಎಂದು ಅನುಮಾನಿಸಿ. ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ತೋಟದ ನ್ಯೂಟ್ರಲ್ ಆಗಲೂ ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ಮನೆಯ ಲೋಡಿನ ಕರೆಂಟಿನಲ್ಲಿ ಒಂದು ಪಾಲು ಆ ಒದ್ದೆ ದಾರಿ ಹಿಡಿದು ಮಣ್ಣಿಗೆ ಇಳಿಯುತ್ತದೆ. ಮಿಕ್ಸಿ ರಿಪೇರಿಗೆ ಹೋಗಿ ಬರುತ್ತದೆ, ದೋಷ ಮಾತ್ರ ಬಾವಿಕಟ್ಟೆಯ ದೀಪದಲ್ಲಿ ಕೂತಿರುತ್ತದೆ.

3. ಮೇನ್ ಇಳಿಸಿ, ತೋಟದ ಲೈನಿನ ಫೇಸ್, ನ್ಯೂಟ್ರಲ್ ಎರಡನ್ನೂ ಬೋರ್ಡಿನಿಂದ ಬಿಚ್ಚಿ. ಮನೆ ಪೂರ್ತಿ ಸರಿಯಿದ್ದರೆ ದೋಷ ಹೊರಗಿದೆ ಎಂದು ಖಾತ್ರಿಯಾಯಿತು.

4. ಎಲ್ಲ ಬಲ್ಬು ತೆಗೆಯಿರಿ, ಕತ್ತಲಾದಾಗ ದೀಪ ಹೊತ್ತಿಸುವ ಸೆನ್ಸರ್ ಮತ್ತು ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ವೋಲ್ಟೇಜ್ ಹೊಡೆತ ತಡೆಯುವ ಸಾಧನ) ಇದ್ದರೆ ಬಿಚ್ಚಿ. ಬಿಚ್ಚಿದ ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಕಟ್ಟಿ ಅಲ್ಲಿಂದ ಅರ್ಥಿಗೆ 500 ವೋಲ್ಟಿನ ಮೆಗ್ಗರ್ ಹಾಕಿ. 1 ಮೆಗಾಓಮಿಗಿಂತ ಕಡಿಮೆ ಬಂದರೆ ಲೈನ್ ಸರಿಯಿಲ್ಲ. ಬಲ್ಬನ್ನು ಹೋಲ್ಡರಿನಲ್ಲೇ ಬಿಟ್ಟು ಮೆಗ್ಗರ್ ಹಾಕಿದರೆ ಬಲ್ಬಿನ ಡ್ರೈವರ್ (ಒಳಗಿನ ಸರ್ಕ್ಯೂಟ್) ಹಾಳಾಗಬಹುದು, ರೀಡಿಂಗೂ ತಪ್ಪಬಹುದು. ಮಲ್ಟಿಮೀಟರಿನ ಓಮ್ ರೇಂಜ್ ಇದಕ್ಕೆ ಬದಲಿಯಲ್ಲ: ಅದು ಹಾಕುವುದು ಒಂದೆರಡು ವೋಲ್ಟ್, ಅಷ್ಟಕ್ಕೆ ಸೋರದ್ದು 230ಕ್ಕೆ ಸೋರುತ್ತದೆ.

5. ಲೈನನ್ನು ನಡುವಿನ ಜಾಯಿಂಟ್ ಬಾಕ್ಸಿನಲ್ಲಿ ತುಂಡು ಮಾಡಿ, ಯಾವ ಅರ್ಧದಲ್ಲಿ ಸೋರಿಕೆ ಇದೆ ನೋಡಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಎಂಟು ದೀಪದ ಸಾಲಿನಲ್ಲಿ ಮೂರು ಸಲಕ್ಕೆ ಜಾಗ ಸಿಗುತ್ತದೆ. ಮೊದಲ ದೀಪದಿಂದ ಒಂದೊಂದೇ ಬಿಚ್ಚುತ್ತಾ ಹೋದರೆ ಅರ್ಧ ದಿನ ಹೋಗುತ್ತದೆ, ಉಂಬಳ ಬೇರೆ ಹತ್ತುತ್ತದೆ.

ಮೆಗ್ಗರ್ ಇಲ್ಲದವರು ಇದೇ ಅರ್ಧ ಮಾಡುವ ಕ್ರಮವನ್ನು ಆರ್‌ಸಿಸಿಬಿಯಿಂದಲೇ ಮಾಡಬಹುದು, ಪ್ರತಿ ಸಲವೂ ಮೇನ್ ಇಳಿಸಿ ಬಿಚ್ಚಬೇಕು, ಅಷ್ಟೇ.

ಜಾಗ ಸಿಕ್ಕ ಮೇಲೆ ಹೋಲ್ಡರನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಬೇಕಲೈಟಿನ ಮೇಲೆ ಎರಡು ಪಿನ್ನಿನ ನಡುವೆ ಅಥವಾ ಪಿನ್ನಿನಿಂದ ಹಿತ್ತಾಳೆ ಅಂಚಿನ ತನಕ ಬೇರು ಬಿಟ್ಟ ಹಾಗೆ ಕವಲೊಡೆದ ಕಪ್ಪು ಗೆರೆ ಇದ್ದರೆ, ಮೀನು ಸುಟ್ಟಂಥ ವಾಸನೆ ಇದ್ದರೆ, ಅಲ್ಲಿ ಕರೆಂಟು ಹರಿದು ಇಂಗಾಲದ ದಾರಿ ಮಾಡಿಕೊಂಡಿದೆ. ಅದನ್ನು ಉಜ್ಜಿ ಒರೆಸಿ ಮತ್ತೆ ಹಾಕುವುದು ವ್ಯರ್ಥ. ಪಿಂಗಾಣಿ ಹೋಲ್ಡರ್ ಹಾಕಿ. ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು ಮಾತ್ರ ಇದ್ದರೂ ಬದಲಿಸುವುದೇ ಮೇಲು. ಹೋಲ್ಡರ್ ಬೆಲೆ ಅಂಥದ್ದೇನಲ್ಲ.

ಹಳೆ ದೀಪದ ಜೊತೆ ಬಂದ ನೂಲು ಸುತ್ತಿದ ರಬ್ಬರ್ ವೈರನ್ನು ನೋಡಲು ಚೆಂದ ಎಂದು ಉಳಿಸಿಕೊಂಡವರಿದ್ದಾರೆ. ಅದನ್ನು ಬಗ್ಗಿಸಿದರೆ ಒಳಗಿನ ರಬ್ಬರ್ ಹಪ್ಪಳದಂತೆ ಮುರಿಯುತ್ತದೆ, ನೂಲು ನೀರನ್ನು ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಪೂರ್ತಿ ತೆಗೆದು ಹಾಕಿ, ಇದರಲ್ಲಿ ರಾಜಿ ಬೇಡ.

ದೀಪಗಳೆಲ್ಲ ಸರಿ, ಕೇಬಲ್ಲೇ ಸೋರುತ್ತಿದೆ ಎಂದಾದರೆ ಮೊದಲ ಅನುಮಾನ ಜಾಯಿಂಟಿನ ಮೇಲೆ. ಪಿವಿಸಿ ಟೇಪ್ ಸುತ್ತಿದ ಜಾಯಿಂಟ್ ಹೊರಗೆ ಒಂದು ಮಳೆಗಾಲ ದಾಟುವುದಿಲ್ಲ. ಅದನ್ನು ಕತ್ತರಿಸಿ, ತಾಮ್ರದ ಬಣ್ಣ ನೋಡಿ. ಹೊಳೆಯುವ ಕೆಂಪು ಇದ್ದರೆ ಸರಿ. ಕಪ್ಪಾಗಿದ್ದರೆ ಅರ್ಧ ಅಡಿ ಹಿಂದೆ ಕತ್ತರಿಸಿ ಮತ್ತೆ ನೋಡಿ. ಒಂದೂವರೆ ಅಡಿ ಹಿಂದೆಯೂ ಎಳೆಗಳು ಕಪ್ಪೇ ಇದ್ದರೆ ನೀರು ಎಳೆಗಳ ಸಂದಿಯಲ್ಲಿ ಹಿಂದಕ್ಕೆ ಹತ್ತಿದೆ. ಆ ತುಂಡು ಕೇಬಲ್ ಪೂರ್ತಿ ಬದಲಿಸಬೇಕು. ಹೊಸ ಜಾಯಿಂಟನ್ನು ಜೆಲ್ ತುಂಬಿದ ಕನೆಕ್ಟರಿನಲ್ಲಿ ಅಥವಾ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯಲ್ಲಿ ಮಾಡಿ, ನೆಲದಿಂದ ಒಂದಡಿ ಮೇಲಿನ ಬಾಕ್ಸಿನಲ್ಲಿಡಿ. ಅಡಿಕೆ ತೋಟದ ಬಸಿಗಾಲುವೆ ದಾಟುವ ಕಡೆ ಜಾಯಿಂಟ್ ಇರಲೇಬಾರದು. ಗುದ್ದಲಿ ಬೀಳುವ ನೆಲದಲ್ಲಿ ಆರ್ಮರ್ಡ್ (ಉಕ್ಕಿನ ಕವಚವಿರುವ) ಕೇಬಲ್ಲೇ ಬೇಕು, ಎರಡಡಿ ಆಳ, ಮೇಲೆ ಇಟ್ಟಿಗೆ ಸಾಲು.

ಗಾಜಿನೊಳಗೆ ನೀರು

ಇದಕ್ಕೆ ಎಲ್ಲರೂ ಮಾಡುವ ಮೊದಲ ಕೆಲಸ ಸಿಲಿಕೋನ್ ಬಳಿಯುವುದು, ಅದೇ ಮೊದಲ ತಪ್ಪು. ಮುಚ್ಚಿದ ಗಾಜಿನ ಗುಂಡು ಉಸಿರಾಡುತ್ತದೆ. ಬಲ್ಬು ಉರಿದು ಒಳಗಿನ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಸುಮಾರು ಹತ್ತರಲ್ಲಿ ಒಂದು ಪಾಲು ಹಿಗ್ಗುತ್ತದೆ. 2 ಲೀಟರಿನ ಗುಂಡಾದರೆ 200 ಮಿ.ಲೀ., ಅಂದರೆ ಒಂದು ಲೋಟ ಗಾಳಿ ಹೊರಗೆ. ದೀಪ ಆರಿಸಿದಾಗ ಅಥವಾ ಬಿಸಿ ಗಾಜಿನ ಮೇಲೆ ಮಳೆ ಬಿದ್ದಾಗ ಅಷ್ಟೇ ಗಾಳಿಯನ್ನು ವಾಪಸ್ ಎಳೆದುಕೊಳ್ಳುತ್ತದೆ. ಗ್ಯಾಸ್ಕೆಟ್ ಅಂಚಿನಲ್ಲಿ ನೀರಿನ ಪದರ ನಿಂತಿದ್ದರೆ ಗಾಳಿಯ ಬದಲು ನೀರೇ ಒಳಗೆ ಬರುತ್ತದೆ. ಬಿಗಿ ಹೆಚ್ಚಿದಷ್ಟೂ ಎಳೆತ ಜೋರು.

ಮೊದಲು ಇದು ಬೆವರೋ ಸೋರಿಕೆಯೋ ತಿಳಿಯಬೇಕು. ಗಾಜಿನ ಒಳಮೈ ಪೂರ್ತಿ ಸಮನಾಗಿ ಮಂಜಾಗಿದ್ದು, ದೀಪ ಹಾಕಿದ ಅರ್ಧ ಗಂಟೆಯಲ್ಲಿ ಹೋದರೆ ಅದು ಬೆವರು. ಪುಷ್ಯ ಮಳೆಯ ಹೊತ್ತಿಗೆ ಅಕ್ಕಿ ಡಬ್ಬದೊಳಗೂ ತೇವ ಇರುವ ನಾಡಿನಲ್ಲಿ ಇದು ದೋಷವೇ ಅಲ್ಲ. ಒಂದೇ ಬದಿಯಲ್ಲಿ ಹನಿ ಇಳಿದ ಗೆರೆ ಇದ್ದರೆ, ತಳದಲ್ಲಿ ಚಮಚದಷ್ಟು ನೀರು ನಿಂತಿದ್ದರೆ ಸೋರಿಕೆ.

ಸೋರಿಕೆಯ ದಾರಿ ಕಾಣಲು ಕರೆಂಟ್ ತೆಗೆದು, ಗಾಜು ಬಿಚ್ಚಿ ಒರೆಸಿ, ಫಿಟ್ಟಿಂಗಿನ ಒಳಮೈಗೆ ರಂಗೋಲಿ ಪುಡಿ ಉದುರಿಸಿ. ಮತ್ತೆ ಜೋಡಿಸಿ, ಗಿಡಕ್ಕೆ ನೀರು ಹಾಕುವ ಜರಡಿ ಮೂತಿಯ ಡಬ್ಬದಿಂದ ಹತ್ತು ನಿಮಿಷ ನೀರು ಹೊಯ್ಯಿರಿ. ನೆತ್ತಿಯ ಮೇಲಷ್ಟೇ ಅಲ್ಲ, ಪಡುವಣ ದಿಕ್ಕಿನಿಂದ ಓರೆಯಾಗಿಯೂ ಹೊಯ್ಯಬೇಕು, ಇಲ್ಲಿಯ ಮಳೆ ಬರುವುದು ಹಾಗೆಯೇ. ಬಿಚ್ಚಿದಾಗ ಪುಡಿಯ ಮೇಲೆ ನೀರು ಬಂದ ದಾರಿ ಗೆರೆಯಾಗಿ ಕಾಣುತ್ತದೆ. ಸಾಮಾನ್ಯವಾಗಿ ಅದು ಮೂರು ಕಡೆಗಳಲ್ಲಿ ಒಂದು: ಗಾಜನ್ನು ಹಿಡಿದಿರುವ ಮೂರು ಸ್ಕ್ರೂಗಳ ಕತ್ತು, ಮೇಲಿನ ಚೈನಿನ ಜೊತೆ ಕೇಬಲ್ ಇಳಿಯುವ ತೂತು, ಅಥವಾ ಗೋಡೆಗೆ ಒತ್ತಿದ ಬೆನ್ನಿನ ತಗಡು. ನಾಲ್ಕನೆಯದೊಂದು ಇದೆ, ಅದು ಪುಡಿಯಲ್ಲಿ ಕಾಣುವುದಿಲ್ಲ: ಕೇಬಲ್ಲಿನ ಒಳಗಿಂದಲೇ ಬರುವ ನೀರು. ಹೋಲ್ಡರಿಗೆ ಸೇರುವ ವೈರಿನ ತುದಿಗೆ ಟಿಶ್ಯೂ ಸುತ್ತಿ ಒಂದು ರಾತ್ರಿ ಬಿಡಿ. ಫಿಟ್ಟಿಂಗ್ ಒಣಗಿದ್ದು ಟಿಶ್ಯೂ ಮಾತ್ರ ಒದ್ದೆಯಾದರೆ ಎತ್ತರದ ಜಾಗದ ಜಾಯಿಂಟಿನಲ್ಲಿ ತೂತಿದೆ, ನೀರು ಕವಚದೊಳಗೆ ಇಳಿದು ಇಲ್ಲಿ ಹೊರಬೀಳುತ್ತಿದೆ.

ಇನ್ನು ಪರಿಹಾರ.

ಕೇಬಲ್ ಕೆಳಗಿನಿಂದ ಒಳಗೆ ಹೋಗಲಿ. ಮೇಲಿನಿಂದಲೇ ಬರಬೇಕಾದರೆ ಪ್ರವೇಶದ ತೂತಿಗಿಂತ ನಾಲ್ಕು ಬೆರಳು ಕೆಳಗೆ ಇಳಿಸಿ, ಬಳಸಿ, ಮತ್ತೆ ಮೇಲಕ್ಕೆ ತಂದು ಗ್ಲ್ಯಾಂಡಿನೊಳಗೆ (ಕೇಬಲ್ಲನ್ನು ಬಿಗಿಯಾಗಿ ಹಿಡಿಯುವ ರಬ್ಬರ್ ಉಂಗುರದ ಮೂತಿ) ತೂರಿಸಿ. ನೀರು ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಗ್ಲ್ಯಾಂಡಿನ ಅಳತೆ ಕೇಬಲ್ಲಿನ ದಪ್ಪಕ್ಕೆ ಸರಿ ಇರಬೇಕು. ದುಂಡನೆಯ ಕೇಬಲ್ಲೇ ಬೇಕು. ಚಪ್ಪಟೆ ಕೇಬಲ್ಲಿಗೆ ದುಂಡು ಗ್ಲ್ಯಾಂಡ್ ಹಾಕಿದರೆ ಎರಡು ಬದಿ ಬಾಯಿ ತೆರೆದೇ ಇರುತ್ತದೆ.

ಲೋಹದ ಫಿಟ್ಟಿಂಗಿನ ಅತಿ ತಗ್ಗಿನ ಜಾಗದಲ್ಲಿ 6 ಮಿ.ಮೀ. ತೂತು ಕೊರೆಯಿರಿ. ಮೂರು ಮಿ.ಮೀ. ಸಾಲದು, ಅಷ್ಟು ಸಣ್ಣ ತೂತಿನಲ್ಲಿ ಹನಿ ಅಂಟಿಕೊಂಡು ನಿಲ್ಲುತ್ತದೆ. ಕೊರೆಯುವ ಮೊದಲು ದೀಪವನ್ನು ತೂಗುಹಾಕಿ ಎಲ್ಲಿ ತಗ್ಗು ಎಂದು ನೋಡಿ. ಮೇಜಿನ ಮೇಲಿಟ್ಟಾಗ ಕಂಡ ತಗ್ಗು ಕಂಬದ ಮೇಲೆ ತಗ್ಗಾಗಿರುವುದಿಲ್ಲ. ತೂತಿಗೆ ಒಳಗಿನಿಂದ ಸ್ಟೀಲ್ ಜಾಲರಿ ಕೊಡಿ, ಇಲ್ಲದಿದ್ದರೆ ಮಣ್ಣುಗೂಡು ಕಟ್ಟುವ ಕಣಜ ಸೆಪ್ಟೆಂಬರಿನೊಳಗೆ ಮುಚ್ಚಿಬಿಡುತ್ತದೆ. ಎನಾಮೆಲ್ ಶೇಡನ್ನು ಕೊರೆದರೆ ಪಿಂಗಾಣಿ ಚಕ್ಕೆ ಏಳುತ್ತದೆ, ಆ ಜಾಗದಿಂದ ತುಕ್ಕು ಹಬ್ಬುತ್ತದೆ. ಆದರೆ ಅದು ಬಾಯಿ ಕೆಳಗೆ ಮಾಡಿದ ಶೇಡು, ಅದಕ್ಕೆ ತೂತಿನ ಅಗತ್ಯವೇ ಇಲ್ಲ. ಹೊರಗಿನ ಕೆಲಸಕ್ಕೆ ಗುಜರಿಯಲ್ಲಿ ಸಿಗುವುದರಲ್ಲಿ ಎನಾಮೆಲ್ ಶೇಡಿಗೆ ಸಮನಾದದ್ದಿಲ್ಲ.

ಬಾಯಿ ಮೇಲಿರುವ ಗಾಜಿನ ಗುಂಡಿಗೆ ಕೊಡೆ ಬೇಕು. ಹಳೆಯ ಸ್ಟೀಲ್ ಊಟದ ತಟ್ಟೆಯ ನಡುವೆ ತೂತು ಕೊರೆದು, ರಬ್ಬರ್ ವಾಷರ್ ಕೊಟ್ಟು, ಬೋರಲು ಹಾಕಿದರೆ ಒಳ್ಳೆ ಕೊಡೆ. ತಟ್ಟೆ ಫಿಟ್ಟಿಂಗಿಗಿಂತ ಸುತ್ತಲೂ ಎರಡಿಂಚು ಅಗಲ ಇರಲಿ.

ಸಿಲಿಕೋನ್ ಬಳಸಲೇಬೇಕಾದ ಜಾಗ ಗೋಡೆ ತಗಡಿನ ಮೇಲಂಚು ಮತ್ತು ಎರಡು ಪಕ್ಕ. ಕೆಳಗಿನ ಅಂಚನ್ನು ಬಿಟ್ಟುಬಿಡಿ. ಕೊಳ್ಳುವಾಗ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದದ್ದನ್ನೇ ಕೇಳಿ. ವಿನೆಗರಿನ ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಮುಚ್ಚಿದ ಡಬ್ಬದೊಳಗೆ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ.

ಕಂಬ ಮುಟ್ಟಿದರೆ ಜುಮ್ ಎನ್ನುತ್ತದೆ

ಮುಂದಿನ ಸಾಲು ಓದುವ ಮೊದಲು ಆ ಲೈನ್ ಆಫ್ ಮಾಡಿ.

ಲೋಹದ ಮೈಯ ದೀಪಕ್ಕೆ ಅರ್ಥ್ ವೈರ್ ಇಲ್ಲದಿರುವುದು, ಇದ್ದರೂ ತುಕ್ಕಿನ ಮೇಲೆ ಸ್ಕ್ರೂ ಬಿಗಿದಿರುವುದು, ಇವೆರಡೇ ಕಾರಣ. ಮನೆಯೊಳಗಿನ ಹಳೆ ದೀಪಗಳಿಗೆ ಅರ್ಥ್ ಟರ್ಮಿನಲ್ಲೇ ಇರುವುದಿಲ್ಲ; ಪೇಂಟ್ ಕೆರೆದು ಹೊಳೆಯುವ ಲೋಹದ ಮೇಲೆ ಹಲ್ಲಿನ ವಾಷರ್ ಹಾಕಿ ಟರ್ಮಿನಲ್ ಕೂರಿಸಬೇಕು. ದೀಪದ ಮೈಯಿಂದ ಬೋರ್ಡಿನ ಅರ್ಥ್ ತನಕ ಮೀಟರಿನಲ್ಲಿ ಒಂದು ಓಮಿನ ಆಸುಪಾಸು ಬರಬೇಕು.

ಅರ್ಥ್ ಇದೆ, ಎಂಸಿಬಿ ಇದೆ, ಸಾಕು ಎಂದುಕೊಳ್ಳುವುದು ಜಂಬಿಟ್ಟಿಗೆ ನೆಲದಲ್ಲಿ ಅಪಾಯ. ಏಪ್ರಿಲ್ ಬಿಸಿಲಿಗೆ ಒಣಗಿದ ಜಂಬಿಟ್ಟಿಗೆಯಲ್ಲಿ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 50 ಓಮ್ ಇದ್ದರೆ, ಫೇಸ್ ನೇರ ಮೈಗೆ ತಾಗಿದರೂ ಹರಿಯುವುದು 4.6 ಆಂಪ್. 6 ಆಂಪಿನ ಎಂಸಿಬಿ ಅದನ್ನು ಮಾಮೂಲಿ ಲೋಡ್ ಎಂದೇ ತಿಳಿಯುತ್ತದೆ, ಕಂಬ ಜೀವಂತವಾಗಿ ನಿಂತಿರುತ್ತದೆ. ಆರ್‌ಸಿಸಿಬಿ ಇದ್ದರೆ 100 ಓಮಿನ ಅರ್ಥಿನಲ್ಲೂ ಕ್ಷಣದಲ್ಲಿ ಕಡಿಯುತ್ತದೆ. ಟ್ರಿಪ್ ಕಾಟ ತಾಳದೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಅರ್ಥ್ ಸರಿಯಿಲ್ಲವೆಂದು ನ್ಯೂಟ್ರಲನ್ನೇ ಮೈಗೆ ಕಟ್ಟುವುದು ಇನ್ನೂ ಕೆಟ್ಟದ್ದು: ಗಾಳಿಗೆ ಕರೆಂಟ್ ಕಂಬದ ನ್ಯೂಟ್ರಲ್ ಕಡಿದರೆ ನಿಮ್ಮ ಎಲ್ಲ ದೀಪಗಳ ಮೈಗೂ ಫೇಸ್ ಬರುತ್ತದೆ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಆ ಬಟನ್ ಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥ್ ಗುಂಡಿಯನ್ನಲ್ಲ.

ಕೈಗೆಟುಕುವ ಎತ್ತರದ, ಮಕ್ಕಳು ಓಡಾಡುವ ದಾರಿಯ ಲೋಹದ ದೀಪಗಳಿಗೆ 230 ವೋಲ್ಟ್ ಬೇಕೇ ಎಂಬುದೇ ಪ್ರಶ್ನೆ. ಮಾಡಿನ ಕೆಳಗಿನವಕ್ಕೆ ಇರಲಿ, ಬಯಲಿನವಕ್ಕೆ 12 ವೋಲ್ಟ್ ಮಾಡಿ. ಟ್ರಾನ್ಸ್‌ಫಾರ್ಮರ್ ಐಸೊಲೇಟಿಂಗ್ ಬಗೆಯದ್ದಾಗಿದ್ದು (230ರ ಸುರುಳಿಗೂ 12ರ ಸುರುಳಿಗೂ ನೇರ ಸಂಪರ್ಕವಿಲ್ಲದ್ದು) ಜಗಲಿಯ ಒಳಗಿರಲಿ.

ಸಾಲಿನ ಕೊನೆಯ ದೀಪ ಮಂಕು

ಹನ್ನೆರಡು ವೋಲ್ಟಿಗೆ ಬಂದವರ ಮಾಮೂಲಿ ದೂರು ಇದು. 20 ವ್ಯಾಟ್ ಎಂದರೆ 1.67 ಆಂಪ್. 30 ಮೀಟರ್ ದೂರಕ್ಕೆ ಹೋಗಿಬರುವ ತಂತಿ 60 ಮೀಟರ್. 1 ಚದರ ಮಿ.ಮೀ. ತಾಮ್ರದಲ್ಲಿ ಅದು ಸುಮಾರು 1.1 ಓಮ್, ಇಳಿಯುವ ವೋಲ್ಟೇಜ್ 1.8. ಹನ್ನೆರಡರಲ್ಲಿ ಹತ್ತೇ ಉಳಿಯಿತು. 2.5 ಚ.ಮಿ.ಮೀ. ಹಾಕಿದರೆ ಇಳಿತ ಮುಕ್ಕಾಲು ವೋಲ್ಟ್ ಮಾತ್ರ. ಹೊಸ ಕೇಬಲ್ ಬೇಡವೆಂದರೆ ಸಪ್ಲೈಯನ್ನು ಸಾಲಿನ ತುದಿಯಿಂದ ತೆಗೆದು ನಡುವೆ ಕೊಡಿ.

ಅಳೆಯುವಾಗ ದೀಪಗಳು ಉರಿಯುತ್ತಿರಬೇಕು. ಲೋಡ್ ಇಲ್ಲದೆ ಅಳೆದರೆ ಕಿಲುಬು ಹಿಡಿದ ಜಾಯಿಂಟಿನ ಆಚೆಗೂ ಪೂರ್ತಿ 12 ತೋರಿಸುತ್ತದೆ. ಮೊದಲ ದೀಪದಿಂದ ಕೊನೆಯವರೆಗೆ ವೋಲ್ಟೇಜ್ ಬರೆದುಕೊಳ್ಳುತ್ತಾ ಹೋಗಿ: ಸ್ವಲ್ಪ ಸ್ವಲ್ಪವೇ ಇಳಿದರೆ ತಂತಿ ಸಣ್ಣದು, ಎರಡು ದೀಪಗಳ ನಡುವೆ ಧಡಕ್ಕನೆ ಇಳಿದರೆ ಅಲ್ಲಿ ಜಾಯಿಂಟ್ ಕೆಟ್ಟಿದೆ. 230ರ ಲೈನಿನಲ್ಲೂ ಇದೇ ಪಾಠ, ಅಲ್ಲಿ ಟೆಸ್ಟ್ ಲ್ಯಾಂಪ್ ಲೋಡಿನ ಕೆಲಸ ಮಾಡುತ್ತದೆ. ಮೀಟರ್ 230 ತೋರಿಸಿ ಟೆಸ್ಟ್ ಲ್ಯಾಂಪ್ ಕೆಂಪಗೆ ಮಿಣುಕಿದರೆ ಲೂಸ್ ಕನೆಕ್ಷನ್ ಖಾತ್ರಿ.

ಸಂಜೆ ಎಲ್ಲ ದೀಪವೂ ಒಟ್ಟಿಗೆ ಮಂಕಾಗುತ್ತವೆಯೇ? ಸುತ್ತಲ ಪಂಪ್‌ಸೆಟ್ಟುಗಳ ಹೊತ್ತು ನೋಡಿ. ಕಬ್ಬಿಣದ ಸುರುಳಿಯ ಹಳೆ ಟ್ರಾನ್ಸ್‌ಫಾರ್ಮರ್ 230ಕ್ಕೆ 12 ಕೊಟ್ಟರೆ 180ಕ್ಕೆ 9.4 ಕೊಡುತ್ತದೆ. ಎಸ್‌ಎಂಪಿಎಸ್ (ಬರುವ ವೋಲ್ಟೇಜ್ ಇಳಿದರೂ 12ನ್ನೇ ಕೊಡುವ ಪವರ್ ಸಪ್ಲೈ) ಹಾಕಿದರೆ ಈ ತೊಂದರೆ ಇಲ್ಲ. ಹ್ಯಾಲೊಜೆನ್ ಕಾಲದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಮಾತ್ರ ಬೇಡ. ಅದು ಕನಿಷ್ಠ ಲೋಡ್ ಕೇಳುತ್ತದೆ, 5 ವ್ಯಾಟಿನ ಎಲ್‌ಇಡಿಗೆ ಪಟಪಟ ಮಿಟುಕುತ್ತದೆ.

ಡಿಸಿ ಲೈನಿನಲ್ಲಿ ಒಂದು ಬಲ್ಬು ಮಾತ್ರ ಹೊತ್ತದಿದ್ದರೆ ಎಸೆಯಬೇಡಿ. ಪಿನ್ ಹೋಲ್ಡರಿನಿಂದ ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ, ಕೆಲವು ಬಲ್ಬುಗಳು ಪ್ಲಸ್–ಮೈನಸ್ ನೋಡುತ್ತವೆ.

ಬಲ್ಬು ಎರಡು ತಿಂಗಳಿಗೇ ಹೋಗುತ್ತದೆ

ಮುಚ್ಚಿದ ಗಾಜಿನೊಳಗೆ 9 ವ್ಯಾಟಿನ ಎಲ್‌ಇಡಿ ಹಾಕಿದ್ದೀರಿ. ಬಲ್ಬಿನ ಬುಡದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ, ಶಾಖ ಹತ್ತು ಡಿಗ್ರಿ ಏರಿದರೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. 3 ಅಥವಾ 5 ವ್ಯಾಟ್ ಹಾಕಿ. ತೋಟದ ದಾರಿಗೆ ಅಷ್ಟು ಬೆಳಕು ಧಾರಾಳ. ಹಳದಿ ಬೆಳಕು, 2700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯದ್ದು, ಹುಳುಗಳನ್ನು ಕಡಿಮೆ ಎಳೆಯುತ್ತದೆ. ಮೊದಲ ಮಳೆಯ ಸಂಜೆ ರೆಕ್ಕೆ ಗೆದ್ದಲು ಎದ್ದಾಗ ಮಾತ್ರ ಯಾವ ಬಣ್ಣವೂ ಲೆಕ್ಕಕ್ಕಿಲ್ಲ, ಆರಿಸಿಬಿಡುವುದೇ ದಾರಿ. ಮಿಂಚುಹುಳುಗಳ ದಿನಗಳಲ್ಲೂ ಆರಿಸಿಟ್ಟರೆ ಅಂಗಳ ಹೆಚ್ಚು ಚೆಂದ ಕಾಣುತ್ತದೆ.

ಏಪ್ರಿಲ್–ಮೇ ಗುಡುಗಿನ ಮರುದಿನ ಮೂರ್ನಾಲ್ಕು ಬಲ್ಬು ಒಟ್ಟಿಗೆ ಹೋಗಿದ್ದರೆ ಅದು ಶಾಖವಲ್ಲ, ಸರ್ಜ್. ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಮೋಡ ಕಟ್ಟಿದಾಗ ತೋಟದ ಲೈನನ್ನು ಎರಡೂ ಪೋಲ್ ಕಡಿಯುವ ಸ್ವಿಚ್ಚಿನಿಂದ ತೆಗೆಯಿರಿ.

ಆರಿಸಿದರೂ ಮಿಣುಕು, ತಾನಾಗಿಯೇ ಆನ್–ಆಫ್

ಸ್ವಿಚ್ ಆಫ್ ಇದ್ದರೂ ಎಲ್‌ಇಡಿ ಮಸುಕಾಗಿ ಉರಿದರೆ ಮೊದಲು ಸ್ವಿಚ್ ಫೇಸಿನಲ್ಲಿದೆಯೇ ನ್ಯೂಟ್ರಲಿನಲ್ಲಿದೆಯೇ ನೋಡಿ. ನ್ಯೂಟ್ರಲಿನಲ್ಲಿದ್ದರೆ ಬದಲಿಸಿ, ಅದು ಮಿಣುಕಿಗಿಂತ ದೊಡ್ಡ ಅಪಾಯ: ಆಫ್ ಮಾಡಿದ ದೀಪದ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೆ ಅದರ ಕರೆಂಟೇ ಸಾಕು ಬಲ್ಬನ್ನು ಮಿಣುಕಿಸಲು. ಎರಡೂ ಅಲ್ಲದಿದ್ದರೆ ಉದ್ದದ ಕೇಬಲ್ಲಿನಲ್ಲಿ ಪಕ್ಕದ ತಂತಿಯಿಂದ ಬರುವ ಸಣ್ಣ ಕರೆಂಟು. ಬಲ್ಬಿಗೆ ಅಡ್ಡವಾಗಿ 100 ಓಮಿನ ರೆಸಿಸ್ಟರಿನ ಜೊತೆ ಸಾಲಾಗಿ 0.1 ಮೈಕ್ರೊಫ್ಯಾರಡಿನ ಎಕ್ಸ್2 ದರ್ಜೆಯ (230ರ ಲೈನಿಗೆ ನೇರ ಜೋಡಿಸಲು ಮಾಡಿದ) ಕೆಪಾಸಿಟರ್ ಕೊಟ್ಟರೆ ನಿಲ್ಲುತ್ತದೆ.

ಸೆನ್ಸರ್ ಹಾಕಿದ ದೀಪ ಹತ್ತಿ ಆರಿ ಹತ್ತಿ ಆರಿ ಮಾಡಿದರೆ ಸೆನ್ಸರ್ ತನ್ನದೇ ಬೆಳಕನ್ನು ನೋಡುತ್ತಿದೆ. ನೇರವಾಗಿ ಬೀಳದಿದ್ದರೂ ಎದುರಿನ ಒದ್ದೆ ಬಾಳೆ ಎಲೆ ಕನ್ನಡಿಯ ಕೆಲಸ ಮಾಡುತ್ತದೆ. ಸೆನ್ಸರನ್ನು ದೀಪದ ಬೆನ್ನ ಹಿಂದಕ್ಕೆ ತಿರುಗಿಸಿ. ಜುಲೈಯಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹತ್ತಿಕೊಂಡರೆ ಅದು ದೋಷವಲ್ಲ, ಮೋಡ. ಅಕ್ಟೋಬರಿನಲ್ಲೂ ಹಾಗೇ ಆದರೆ ಸೆನ್ಸರಿನ ಗುಬುಟಿನ ಮೇಲೆ ಹಾವಸೆ ಕಟ್ಟಿದೆ, ಒರೆಸಿ.

ತುಕ್ಕು, ಕಿಲುಬು, ಬೋರ್ಡೋ

ಕೊಳ್ಳುವಾಗಲೇ ಜೇಬಿನಲ್ಲಿ ಆಯಸ್ಕಾಂತ ಇರಲಿ. ‘ಹಿತ್ತಾಳೆ’ಗೆ ಅದು ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಲೇಪ; ಮೊದಲ ಮಳೆಗಾಲದಲ್ಲೇ ಸಿಪ್ಪೆ ಏಳುತ್ತದೆ. ಅಂಥದ್ದನ್ನು ಜಗಲಿಗೆ ಹಾಕಿ. ಅಲ್ಯೂಮಿನಿಯಂ ಡಬ್ಬಕ್ಕೆ ಹಿತ್ತಾಳೆ ಸ್ಕ್ರೂ ಬೇಡ. ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೂ ನೈಲಾನ್ ವಾಷರ್, ಸ್ವಲ್ಪ ಗ್ರೀಸ್ ಬೇಕು, ಇಲ್ಲದಿದ್ದರೆ ಎರಡು ವರ್ಷದ ಮೇಲೆ ಬಿಚ್ಚಲು ಬರುವುದಿಲ್ಲ.

ಅಡಿಕೆ ತೋಟದ ಅಂಚಿನ ದೀಪಗಳಲ್ಲಿ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿ ಸೂಜಿ ಚುಚ್ಚಿದಂತೆ ಗುಳಿ ಬಿದ್ದಿದ್ದರೆ, ಅದು ಬರಿ ಮಳೆಯ ಕೆಲಸವಲ್ಲ. ಕೊಳೆರೋಗಕ್ಕೆ ಹೊಡೆದ ಬೋರ್ಡೋ, ಅಂದರೆ ಮೈಲುತುತ್ತ–ಸುಣ್ಣದ ದ್ರಾವಣ, ದೀಪದ ಮೇಲೂ ಬಿದ್ದಿದೆ. ದ್ರಾವಣದ ಪಾಕ ನೋಡಲು ಅದ್ದಿದ ಕತ್ತಿಗೆ ಕೆಂಪು ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ಅದನ್ನು ತಿನ್ನುತ್ತದೆ, ಕಬ್ಬಿಣಕ್ಕಿಂತ ಬೇಗ. ಔಷಧಿ ಹೊಡೆಯುವ ದಿನ ದೀಪಗಳ ಕರೆಂಟ್ ತೆಗೆದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ, ಸಂಜೆ ಬಿಚ್ಚಿ. ಕಟ್ಟಿದ ಕೊಟ್ಟೆಯನ್ನು ಮರೆತು ರಾತ್ರಿ ದೀಪ ಹಾಕಿದರೆ ಬಲ್ಬು ಕಾದು ಹಾಳಾಗಬಹುದು, ಕೊಟ್ಟೆಯೂ ಕರಗಿ ಗಾಜಿಗೆ ಅಂಟಬಹುದು, ಅದನ್ನು ಕೆರೆಯುವುದು ಬೇರೆಯೇ ಕೆಲಸ.

ಜಾಯಿಂಟ್ ಬಾಕ್ಸಿನೊಳಗೆ ಇರುವೆ ಮೊಟ್ಟೆ ಸಮೇತ ಮನೆ ಮಾಡಿದ್ದರೆ ಮಣ್ಣು ತೆಗೆದು ಒಣಗಿಸಿ, ಟರ್ಮಿನಲ್ಲಿನ ಬದಲು ಜೆಲ್ ಕನೆಕ್ಟರ್ ಹಾಕಿ. ತೂತು ಮುಚ್ಚಿ ಇರುವೆಯನ್ನು ತಡೆದವರು ಇನ್ನೂ ಸಿಕ್ಕಿಲ್ಲ.